ಕ್ಯಾಮೆರಾ ಪಕ್ಕದ ಮನುಷ್ಯ

ಮಾರ್ಲಿಸ್ ಕ್ವಿನ್‌ಗೆ ಎಂಬತ್ತನಾಲ್ಕು ವರ್ಷ. ಹಾಲಿವುಡ್ಡಿನ ಏಳು ಹಾಡು-ಕುಣಿತದ ಚಿತ್ರಗಳಲ್ಲಿ ಮಿಂಚಿದವಳು. ಆಮೇಲೆ ಹನ್ನೊಂದು ವರ್ಷ, ಪ್ರತಿ ಶನಿವಾರ ಸಂಜೆ, ತನ್ನದೇ ಹೆಸರಿನ ಟಿವಿ ಕಾರ್ಯಕ್ರಮ ನಡೆಸಿ ಅರ್ಧ ಅಮೆರಿಕವನ್ನು ಸೋಫಾದಿಂದ ಏಳದಂತೆ ಕೂರಿಸಿದವಳು. ಹಾಡು, ಕುಣಿತ, ನಗೆನಾಟಕ, ಅತಿಥಿಗಳ ಜೊತೆ ಹರಟೆ, ಎಲ್ಲವೂ ಒಂದೇ ಗಂಟೆಯಲ್ಲಿ. ಈಗಿನವರಿಗೆ ಒಂದು ಹಾಡು ಹಾಡಬೇಕಾದರೆ ಹಿಂದೆ ಹದಿನಾರು ಜನ ಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ.

ಆ ಕಾರ್ಯಕ್ರಮದ ನೆನಪಿಗಾಗಿ ಬರ್ಬ್ಯಾಂಕಿನ ಅದೇ ಹಳೇ ಸ್ಟುಡಿಯೋದಲ್ಲಿ, ಜನರ ಮುಂದೆ, ಒಂದು ವಿಶೇಷ ಸಂಜೆ ಚಿತ್ರೀಕರಿಸುವುದೆಂದು ನಿಶ್ಚಯವಾದಾಗ ಅವಳು ಒಂದೇ ಷರತ್ತು ಹಾಕಿದಳು.

"ಮಾತು ನೋಡಿ ಹೇಳೋಕೆ ಇಡೋ ಆ ಓಡೋ ಅಕ್ಷರದ ಪರದೆ ನನಗೆ ಬೇಡ. ಆರ್ವಿಲ್‌ನ ಕರೆಸಿ."

ಆರ್ವಿಲ್ ಟೆಗ್ ಆ ಹನ್ನೊಂದು ವರ್ಷವೂ ಅವಳ ಮಾತುಗಳನ್ನು ದೊಡ್ಡ ಬಿಳಿ ಕಾರ್ಡುಗಳ ಮೇಲೆ ದಪ್ಪ ಪೆನ್ನಿನಲ್ಲಿ ಬರೆದು, ಕ್ಯಾಮೆರಾ ಪಕ್ಕ ಎತ್ತಿ ಹಿಡಿದು ನಿಂತವನು. ಟಿವಿಯಲ್ಲಿ ಅವನ ಒಂದು ಬೆರಳೂ ಯಾರಿಗೂ ಕಂಡಿಲ್ಲ. ಎಪ್ಪತ್ತೊಂಬತ್ತರ ಆ ಮುದುಕ ಬೇಕರ್ಸ್‌ಫೀಲ್ಡಿನಿಂದ ಬಸ್ಸು ಹತ್ತಿ, ತನ್ನ ಪೆನ್ನುಗಳನ್ನು ತಾನೇ ತಂದು, ಮೂರು ದಿನ ಕೂತು ಇಪ್ಪತ್ತೆರಡು ಕಾರ್ಡು ಬರೆದ.

ನಿಜ ಸಂಗತಿ ಏನೆಂದರೆ, ಮಾರ್ಲಿಸ್‌ಗೆ ಅಕ್ಷರವೇ ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ನೇರ ನೋಟದ ನಡುಭಾಗ ಅಳಿಸಿಹೋಗಿತ್ತು. ಅಂಚುಗಳಷ್ಟೇ ಉಳಿದಿದ್ದವು. ಮಾತುಗಳನ್ನೆಲ್ಲ ತಂಗಿಯ ಮಗಳಿಂದ ಓದಿಸಿಕೊಂಡು ಬಾಯಿಪಾಠ ಮಾಡಿದ್ದಳು. ಇದು ನಿರ್ಮಾಪಕ ಡೆವಿನ್‌ಗೆ ಗೊತ್ತಾದರೆ ಕಥೆ ಮುಗಿಯಿತು. ಅವನು ಮೊದಲ ದಿನವೇ ಬೆಣ್ಣೆ ಹಚ್ಚಿದ ದನಿಯಲ್ಲಿ ಹೇಳಿದ್ದ.

"ಮೇಡಂ, ಕಷ್ಟ ಆದ್ರೆ ಚಿಂತೆ ಮಾಡ್ಬೇಡಿ. ನೀವು ಮೆಟ್ಟಿಲ ಮೇಲೆ ಕುಣಿದಿದ್ದ ಹಳೇ ಫಿಲ್ಮ್ ತುಣುಕಿದೆಯಲ್ಲ, ಅದನ್ನೇ ಹಾಕಿಬಿಡ್ತೀವಿ."

"ಹಾಕು ಮರಿ, ನಾನು ಸತ್ತ ಮೇಲೆ ಹಾಕು" ಎಂದಿದ್ದಳು ಮಾರ್ಲಿಸ್. ಆ ತುಣುಕಿನ ಮೂವತ್ತೈದರ ಮಾರ್ಲಿಸ್ ಎಷ್ಟೇ ಚೆಂದ ಇರಲಿ, ಅವಳಿಗೆ ತನ್ನ ಜಾಗ ಬಿಟ್ಟುಕೊಡಲು ಈ ಮಾರ್ಲಿಸ್ ತಯಾರಿರಲಿಲ್ಲ. ಇನ್ನೊಂದು ಸಲ ಆ ವೇದಿಕೆ ಸಿಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮಧ್ಯಾಹ್ನದ ತಾಲೀಮು ಸಲೀಸಾಗಿ ಮುಗಿಯಿತು. ಒಂದು ಪದ ತಪ್ಪಲಿಲ್ಲ. ಡೆವಿನ್ ಖುಷಿಯಿಂದ ಎರಡೂ ಹೆಬ್ಬೆರಳು ಎತ್ತಿದ. ಆರ್ವಿಲ್ ಮಾತ್ರ ಅವಳ ಹಿಂದೆಯೇ ಮೇಕಪ್ ಕೋಣೆಗೆ ಬಂದು ಬಾಗಿಲು ಮುಚ್ಚಿದ.

"ಐದನೇ ಕಾರ್ಡು ಹೇಗಿತ್ತು?"

"ನಿನ್ನ ಅಕ್ಷರಕ್ಕೇನಪ್ಪಾ, ಮುತ್ತು ಪೋಣಿಸಿದ ಹಾಗೆ."

"ತಲೆಕೆಳಗಾಗಿ ಹಿಡಿದಿದ್ದೆ ಮಾರಾಯ್ತಿ. ವಯಸ್ಸಾಯ್ತು, ಕೈ ತಪ್ಪಿತು. ಆದ್ರೆ ನೀನು ಗಡಗಡ ಅಂತ ಓದ್ಕೊಂಡು ಹೋದೆಯಲ್ಲ, ಅದು ಹೇಗೆ?"

ಮಾರ್ಲಿಸ್‌ಗೆ ತಿಳಿಯಿತು, ಇವನ ಹತ್ತಿರ ನಾಟಕ ನಡೆಯುವುದಿಲ್ಲ.

"ಕಾಣಲ್ಲ" ಎಂದಳು. "ನೇರ ನೋಡಿದ್ರೆ ನಡುವೆ ಮಸಿ ಬಳಿದ ಹಾಗೆ. ನಿನ್ನ ಮುಖವೂ ಕಾಣ್ತಿಲ್ಲ. ಕಿವಿ ಕಾಣತ್ತೆ, ದೇವರ ದಯೆ."

ಆರ್ವಿಲ್ ನಗಲಿಲ್ಲ. "ಮೂರು ದಿನ ಬೆರಳು ಊದಿಸ್ಕೊಂಡು ಬರೆದೆ ಕಣೇ. ಮೂವತ್ತು ವರ್ಷ ಆದ್ಮೇಲೆ ಯಾರೋ ನನ್ನ ಅಕ್ಷರ ಬೇಕು ಅಂದ್ರಲ್ಲ ಅಂತ, ಹೊಸ ಷರ್ಟು ಹೊಲಿಸ್ಕೊಂಡು ಬಂದೆ. ಬೆದರುಗೊಂಬೆ ಥರ ನಿಲ್ಲಿಸೋಕೆ ಕರೆಸಿದ್ಯಾ?"

ಮಾರ್ಲಿಸ್‌ಗೆ ನಾಚಿಕೆಯಾಯಿತು. ತನ್ನ ಗುಟ್ಟು ಕಾಪಾಡುವ ಗಡಿಬಿಡಿಯಲ್ಲಿ ಇವನಿಗೂ ಒಂದು ಮಾನ ಇದೆ ಎಂಬುದನ್ನೇ ಮರೆತಿದ್ದಳು.

"ಮಧ್ಯೆ ಮರೆತುಹೋದ್ರೆ ಯಾರ ಕಡೆ ನೋಡ್ಲಿ, ಹೇಳು? ಆ ಮೆಷಿನ್ ಕಡೆ ನೋಡ್ಲಾ? ನೀನಿದ್ರೆ ನನಗೆ ಧೈರ್ಯ."

"ನೋಡಿ ಏನು ಮಾಡ್ತೀಯ? ಓದೋಕಾಗಲ್ವಲ್ಲ. ಡೆವಿನ್‌ಗೆ ನಿಜ ಹೇಳ್ಬಿಡು."

"ಹೇಳಿದ್ರೆ ನನ್ನನ್ನ ಕುರ್ಚೀಲಿ ಕೂರಿಸಿ ತುಣುಕು ಹಾಕ್ತಾನೆ."

ಆರ್ವಿಲ್ ಬಾಗಿಲು ತೆಗೆದು ಹೊರಟುಹೋದ. ಅವನು ಸಂಜೆ ನಿಲ್ಲುತ್ತಾನೋ, ಬಸ್ಸು ಹತ್ತುತ್ತಾನೋ, ಕೇಳುವ ಮುಖ ಅವಳಿಗಿರಲಿಲ್ಲ.

ಸಂಜೆ ಸ್ಟುಡಿಯೋ ತುಂಬಿತು. ಬಂದವರಲ್ಲಿ ಬಹುಪಾಲು ನರೆಗೂದಲಿನವರು. ಚಿಕ್ಕಂದಿನಲ್ಲಿ ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅವಳನ್ನು ನೋಡಿದವರು. ಹಸಿರು ಮಿರುಗು ಗೌನಿನಲ್ಲಿ ಮಾರ್ಲಿಸ್ ಬೆಳಕಿಗೆ ಬಂದಾಗ ಅವರೆಲ್ಲ ಎದ್ದು ನಿಂತರು. ಅವಳು ತಲೆಯನ್ನು ತುಸು ಓರೆ ಮಾಡಿದಳು. ಕ್ಯಾಮೆರಾ ಪಕ್ಕದಲ್ಲಿ ಅವನ ಹೊಸ ಚೌಕಳಿ ಷರ್ಟಿನ ತೋಳು, ಬಿಳಿ ಕಾರ್ಡಿನ ಅಂಚು ಕಂಡವು. ಬಂದಿದ್ದಾನೆ.

ಹಾಡಿದಳು. ಎಂಟು ಹೆಜ್ಜೆ ಕುಣಿದಳು, ಎಂಟೇ, ಆದರೆ ಒಂದೂ ತಾಳ ತಪ್ಪಲಿಲ್ಲ. ಆಮೇಲೆ ಮಾತು ಶುರುಮಾಡಿದಳು. ಜನ ನಕ್ಕರು. ಮುಂದಿನ ಸಾಲಿನ ಹೆಂಗಸೊಬ್ಬಳು ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಲೇ ಇದ್ದಳು. ಮಾರ್ಲಿಸ್ ಅವಳತ್ತ ಒಮ್ಮೆ ತಿರುಗಿದ್ದೇ ತಡ, ಮುಂದಿನ ಮಾತು ಹಾರಿಹೋಯಿತು. ತಡಕಾಡಿದಳು, ಏನೂ ಸಿಗಲಿಲ್ಲ. ಕಾರ್ಡಿನತ್ತ ನೋಡಿದಳು. ಅಲ್ಲಿ ಬರೀ ಮಸಿ.

ಸ್ಟುಡಿಯೋ ಗಪ್‌ಚಿಪ್ಪಾಯಿತು. ಅಷ್ಟರಲ್ಲಿ ಹಿಂದಿನ ದೊಡ್ಡ ಪರದೆ ಬೆಳಗಿದ್ದು ಅವಳ ಕಣ್ಣಂಚಿಗೆ ಬಿತ್ತು. ಮೆಟ್ಟಿಲು, ಬಿಳಿ ಲಂಗ, ಚಿಮ್ಮುವ ಕಾಲು. ಡೆವಿನ್ ಕಾಯಲಿಲ್ಲ.

ಮಾರ್ಲಿಸ್‌ಗೆ ಭಯ ಹೋಗಿ ಸಿಟ್ಟು ಬಂತು. ಸಿಟ್ಟು ಅವಳಿಗೆ ಯಾವತ್ತೂ ಒಳ್ಳೆಯದನ್ನೇ ಮಾಡಿದೆ.

"ಆ ಹುಡುಗೀನ ನಿಲ್ಲಿಸಿ" ಎಂದಳು ಡೆವಿನ್ ಕೂತ ಮೇಲಿನ ಕೋಣೆಯತ್ತ ನೋಡುತ್ತ. "ಅವಳ ಸರದಿ ಯಾವಾಗಲೋ ಮುಗೀತು. ಈಗ ನನ್ನದು."

ಜನ ಗೊಳ್ಳೆಂದರು. ಪರದೆ ಆರಿತು.

"ಈಗ ನಿಜ ಹೇಳ್ತೀನಿ ಕೇಳಿ. ನನಗೆ ಅಕ್ಷರ ಕಾಣಲ್ಲ. ಎರಡು ವರ್ಷ ಆಯ್ತು. ಇಷ್ಟೊತ್ತು ಬಾಯಿಪಾಠ ಒಪ್ಪಿಸ್ತಿದ್ದೆ, ಈಗ ಮರೆತುಹೋಯ್ತು. ಅಲ್ಲಿ ಕ್ಯಾಮೆರಾ ಪಕ್ಕ ನಿಂತಿದ್ದಾನಲ್ಲ, ಅವನ ಹೆಸರು ಆರ್ವಿಲ್ ಟೆಗ್. ಹನ್ನೊಂದು ವರ್ಷ ನಾನು ಆಡಿದ ಮಾತೆಲ್ಲ ಇವನ ಕೈಬರಹ. ಆರ್ವಿಲ್, ಮೇಲೆ ಬಾ. ಓದು."

ಕಾರ್ಡು ಹಿಡಿಯುವವನು ಕೆಮ್ಮುವುದೂ ಅಪರಾಧವಾಗಿದ್ದ ಕಾಲದವನು ಆರ್ವಿಲ್. "ನಾನಾ?" ಎಂದ.

"ಬರೆದವನು ನೀನೇ ತಾನೇ?"

ಅವನು ಕಾರ್ಡುಗಳ ಕಟ್ಟು ಅವುಚಿಕೊಂಡು ಮೆಟ್ಟಿಲು ಹತ್ತಿ ಬಂದು, ಬಸ್ ನಿಲ್ದಾಣದ ಪ್ರಕಟಣೆಯ ದನಿಯಲ್ಲಿ, ಅವಳು ಮರೆತ ಸಾಲನ್ನು ಒಂದೇ ಉಸಿರಿಗೆ ಓದಿದ. ಜನ ಮುಸಿಮುಸಿ ನಕ್ಕರು. ಮಾರ್ಲಿಸ್ ಅದೇ ಸಾಲನ್ನು ಎತ್ತಿಕೊಂಡು ತನ್ನ ರೀತಿಯಲ್ಲಿ ಹೇಳಿದಳು. ಈ ಸಲ ನಗು ಛಾವಣಿಗೆ ಬಡಿಯಿತು. ಅವನು ಓದುವುದು, ಅವಳು ಆಡುವುದು. ಹೀಗೆ ಮೂರು ಕಾರ್ಡು ಓದುವ ಹೊತ್ತಿಗೆ ಅವನಿಗೂ ರುಚಿ ಹತ್ತಿತು, ಎಲ್ಲಿ ನಿಲ್ಲಬೇಕೆಂದು ತಿಳಿಯಿತು. ಡೆವಿನ್ ಕೂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಕೊನೆಯ ಕಾರ್ಡು ಬಂತು. ಅದರಲ್ಲಿದ್ದದ್ದು ಮಾತಲ್ಲ, ಅವಳಿಗೆ ಬರೆದ ಸೂಚನೆ. ಆರ್ವಿಲ್ ಅದನ್ನೂ ಬಿಡದೆ ಓದಿದ. "ಸುಮ್ಮನೆ ನಗು. ಬಲಗಡೆ ತಿರುಗು. ಬಗ್ಗಿ ವಂದಿಸು. ಚಪ್ಪಾಳೆಗೆ ಕಾಯು."

ಮಾರ್ಲಿಸ್ ನಕ್ಕಳು. ಆದರೆ ಎಡಗಡೆ, ಅವನು ನಿಂತ ಕಡೆ ತಿರುಗಿದಳು. ಮಿರುಗು ಗೌನು ನೆಲ ಮುಟ್ಟುವಂತೆ ಅವನಿಗೇ ಬಗ್ಗಿ ವಂದಿಸಿದಳು. ಚಪ್ಪಾಳೆ ಎದ್ದಿತು. ಕಾರ್ಡುಗಳನ್ನು ಎಲ್ಲಿಡಬೇಕೋ ತಿಳಿಯದೆ ಆರ್ವಿಲ್ ಅವನ್ನು ಎದೆಗೆ ಅವುಚಿಕೊಂಡೇ ತಾನೂ ಬಗ್ಗಿದ.