ಸಸಿಕೋಣೆಯ ಹಾರ

"ಒಳಗೆ ಹೋಗಿ ಮಂಡಿಯೂರು," ಎಂದರು ಪನಿದಾ. "ಮಾವನವರ ಫೋಟೋಗೆ ಹಾರ ಹಾಕಿ ತಪ್ಪಾಯ್ತು ಅನ್ನು. ಇಲ್ಲಾಂದ್ರೆ ಕೆಲಸ ಇವತ್ತಿಗೇ ಮುಗೀತು."

ವಿಲಾಯ್ ಹಾರದ ತಟ್ಟೆ ಹಿಡಿದು ಸಸಿಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಿಳಿ ಬೆಳಕಿನಲ್ಲಿ ಸಾಲುಸಾಲು ಬಾಟಲಿಗಳು. ಒಂದೇ ತಾಯಿಗಿಡದಿಂದ ಕತ್ತರಿಸಿದ ಆರ್ಕಿಡ್ ಚೂರುಗಳು, ಏಳು ಸುತ್ತಿನ ಕೋಟೆಯೊಳಗಿನ ರಾಜಕುಮಾರಿಯರ ಹಾಗೆ, ಹೊರಗಿನ ಗಾಳಿ ಸೋಕದೆ ಅಲ್ಲಿ ಬೆಳೆಯಬೇಕಿತ್ತು. ಈ ಸಲ ವಿಲಾಯ್ ಕತ್ತರಿಸಿಟ್ಟ ಬಾಟಲಿಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಅವಳ ಕೈ ಕೊಳಕು ಎಂದು ತೀರ್ಮಾನವಾಗಿತ್ತು.

ಅವಳ ಬಾಟಲಿಗಳ ನೆತ್ತಿಗೇ ಗೋಡೆಯ ಮೇಲೆ ತೀರಿಕೊಂಡ ಯಜಮಾನರ ಫೋಟೋ. ಮೆಕ್ಲಾಂಗ್ ಸಂತೆಯಿಂದ ದಿನಾ ಮಲ್ಲಿಗೆ ಹಾರ ತಂದು ಅದಕ್ಕೆ ಹಾಕುತ್ತಿದ್ದವರು ಸೊಸೆ ಪನಿದಾ. ಹೂವಿನ ನುಸಿ ಕಣ್ಣಿಗೆ ಕಾಣುವುದಿಲ್ಲ. ಮುಚ್ಚಳದ ಸಂದಿಯಲ್ಲಿ ನುಸುಳಿ ಬೂಷ್ಟು ಹರಡುತ್ತದೆ. ಕೆಲಸಕ್ಕೆ ಸೇರಿದ ಪ್ರತಿ ಹುಡುಗಿಗೂ ಮೊದಲ ದಿನವೇ ಇದನ್ನು ಹೇಳಿಕೊಟ್ಟವರು ಆ ಯಜಮಾನರೇ. ಎಲ್ಲರಿಗೂ ಗೊತ್ತಿತ್ತು. ಬಾಗಿಲ ಹೊರಗಿನ ಮೇಜುಗಳಲ್ಲಿ ಹುಡುಗಿಯರು ತಲೆ ಬಗ್ಗಿಸಿ ಚೂರು ಕತ್ತರಿಸುತ್ತಲೇ ಇದ್ದರು.

"ಹಾಕಿ ಬಂದ್ಬಿಡಕ್ಕಾ," ಪಕ್ಕದ ಮೇಜಿನ ತೋಯ್ ಪಿಸುಗುಟ್ಟಿದಳು. "ಮಂಡಿ ಏನು ಸವೆದು ಹೋಗುತ್ತಾ?"

"ನಾಳೆ ಯಾವ ಬಾಟಲಿ ಕೊಳೆತ್ರೂ ನನ್ನ ಕೈ ಅಂತಾರೆ. ನಾನು ಹೋದ್ಮೇಲೆ ನಿನ್ನ ಕೈ ಕಣೇ."

"ಏನದು ಗುಸುಗುಸು?"

"ಅಮ್ಮಾವ್ರೇ, ಕ್ಷಮೆ ಕೇಳೋಕೂ ಈ ಹೂವನ್ನೇ ಒಳಗೆ ಒಯ್ಯಬೇಕಾ?" ವಿಲಾಯ್ ತಟ್ಟೆಯನ್ನು ಮುಂದೆ ಚಾಚಿದಳು. "ನಾನು ಮುಡಿಯಲ್ಲಿ ಒಂದೇ ಒಂದು ಹೂವಿಟ್ಕೊಂಡು ಬಂದಿದ್ದಕ್ಕೆ ದೊಡ್ಡ ಯಜಮಾನ್ರು ಇದೇ ಬಾಗಿಲಿಂದ ಓಡಿಸಿದ್ರು. ನೀವೂ ಇಲ್ಲೇ ನಿಂತು ನಕ್ಕಿದ್ರಿ."

"ಸತ್ತವರಿಗೆ ಹಾರ ಹಾಕೋದು ತಪ್ಪು ಅಂತೀಯಾ?"

"ಫೋಟೋ ಹೊರಗೆ ತನ್ನಿ, ನಾನೇ ಹಾಕ್ತೀನಿ. ಹೂವನ್ನ ಒಳಗೆ ಒಯ್ಯಲ್ಲ."

"ಅಷ್ಟು ಸೊಕ್ಕಾ? ಹೋಗು. ಅನ್ನಕ್ಕೆ ಏನ್ಮಾಡ್ತೀಯೋ ನೋಡ್ತೀನಿ."

ವಿಲಾಯ್ ತಟ್ಟೆಯನ್ನು ಹೊಸ್ತಿಲ ಈಚೆಗೆ ಇಟ್ಟಳು. ಅಲ್ಲಿಯೇ ಮಂಡಿಯೂರಿ, ಫೋಟೋದತ್ತ ಮುಖ ಮಾಡಿ, ಜೋಡಿಸಿದ ಕೈಗಳನ್ನು ಹಣೆಗೆ ಒತ್ತಿಕೊಂಡಳು. ತಪ್ಪಾಯಿತು ಎನ್ನಲಿಲ್ಲ. ಎದ್ದು ಕೆಲಸದ ಮೇಲಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಅಂಗಳಕ್ಕಿಳಿದಳು.

ಪನಿದಾ ಬಗ್ಗಿ ಹಾರವನ್ನು ಎತ್ತಿಕೊಂಡರು. ಹೊಸ್ತಿಲ ಅಂಚಿಗೆ ಬಂದು ನಿಂತರು. ಹುಡುಗಿಯರು ಒಬ್ಬೊಬ್ಬರಾಗಿ ಚಾಕು ಕೆಳಗಿಟ್ಟು ಅವರ ಪಾದಗಳನ್ನೇ ನೋಡುತ್ತಿದ್ದರು.