ಬಾಲಮ್ಮನ ಸೈಕಲ್ಲಿನ ಎಡಗಡೆ ಪೆಡಲು

ಟಕ್. ಎಡಗಾಲು ಒತ್ತಿದಾಗಲೆಲ್ಲ ಒಂದು ಟಕ್. ಹಳೇ ಸೈಕಲ್ಲು ಇರುವ ಮನೆಯವರಿಗೆ ಈ ಸದ್ದು ಗೊತ್ತೇ ಇರುತ್ತದೆ. ಗೊತ್ತಿದ್ದೂ ಕಿವುಡರ ಹಾಗೆ ಇರುತ್ತೇವೆ, ಅದು ಬೇರೆ ಮಾತು. ದೇವಾಪುರದ ಬಾಲಮ್ಮನ ಸೈಕಲ್ಲು ಎಂಟು ದಿನದಿಂದ ಹೀಗೆ ಕೂಗುತ್ತಿತ್ತು. ಮಗಳು ಸರೋಜಾ ಶಾಲೆಗೆ ತುಳಿದ ಸೈಕಲ್ಲದು. ಅವಳು ಗಂಡನ ಮನೆಗೆ ಹೋದ ಮೇಲೆ ತಾಯಿಯ ಪಾಲಿಗೆ ಬಂದಿತ್ತು.

ಸೋಮವಾರ ಗಂಡ ಬೀರೇಶನ ಫೋನು ಬಂತು. ಅವನು ಕುರಿ ಹೊಡೆದುಕೊಂಡು ಮನೆ ಬಿಟ್ಟು ಐದು ತಿಂಗಳಾಗಿತ್ತು.

"ಶಿರವಾಳ ಕಡಿಂದ ಬಂದು ಹೊಳಿ ದಂಡಿ ಹೊಲದಾಗ ಕುರಿ ತರಬೀವಿ. ಮೂರು ರಾತ್ರಿ ಇರ್ತೀವಿ. ಗುರುವಾರ ಮುಂಜಾನಿ ದೋಣ್ಯಾಗ ಆಚಿ ದಂಡಿಗಿ ಹೋಗ್ತೀವಿ. ಆಮ್ಯಾಲ ಪಂಚಮಿಗೇ ಊರ ಕಡಿ. ಬರ್ತಿಯೇನು?"

ಹೊಲಕ್ಕೆ ಗೊಬ್ಬರವಾಗಲೆಂದು ರಾತ್ರಿ ಕುರಿ ನಿಲ್ಲಿಸುವುದಕ್ಕೆ ತರುಬುವುದು ಅನ್ನುತ್ತಾರೆ. ಮೂರು ರಾತ್ರಿ ಅಂದರೆ ಮೂರೇ ರಾತ್ರಿ. ಆ ಹೊಲ ಇಪ್ಪತ್ತೆರಡು ಕಿಲೋಮೀಟರ್ ದೂರ, ಬಸ್ಸಿಲ್ಲ. ಬೈಕಿನವರನ್ನು ಕೇಳಬಹುದಿತ್ತು. ಆದರೆ ಗಂಡನ ಮುಖ ನೋಡಲು ಮಂದಿಯ ಬೆನ್ನ ಹಿಂದೆ ಕೂತು ಹೋಗುವುದೇನು ಎಂದು ಬಾಲಮ್ಮನಿಗೆ ಹಟ. ಐದು ತಿಂಗಳು ಬರೀ ದನಿ ಕೇಳಿ ಅವಳಿಗೆ ಸಾಕಾಗಿತ್ತು. ಅವನನ್ನು ಎದುರಿಗೆ ಕೂರಿಸಿಕೊಂಡು, ಅವನು ಉಣ್ಣುವುದನ್ನು ನೋಡಬೇಕಾಗಿತ್ತು.

"ಅತ್ತಿ, ಮದ್ಲ ರಂಗಂಪೇಟಿಗಿ ಹೋಗಿ ಅನ್ವರಬಿ ಅಕ್ಕಗ ಸೈಕಲ್ ತೋರ್ಸಿ ಬರ್ತೀನಿ" ಅಂದಳು.

ಅತ್ತೆ ಹಣಮಂತಮ್ಮ ಮೂಗು ಮುರಿದಳು. "ಒಂದು ಟಕ್ ಅಂದದ್ದಕ್ಕ ದಿನಾ ಹಾಳ ಮಾಡ್ತೀ? ನಮ್ಮ ಮಾವ ಗಾಡಿ ಅಚ್ಚು ಕೂಗಿದ್ರ ಏನ್ ಹಾಕ್ತಿದ್ದ? ಉಣ್ಣಿ. ತಾ ಇಲ್ಲಿ."

ಕುರುಬರ ಮನೆಯಲ್ಲಿ ಉಣ್ಣೆಗೇನು ಬರ. ಮುದುಕಿ ಒಂದು ಹಿಡಿ ಉಣ್ಣೆಯನ್ನು ಔಡಲೆಣ್ಣೆಯಲ್ಲಿ ಅದ್ದಿ, ಪೆಡಲಿನ ಸರಳು ಅಚ್ಚಿಗೆ ಕೂಡುವ ಸಂದಿಯಲ್ಲಿ ಕಡ್ಡಿಯಿಂದ ತುರುಕಿದಳು. ಸದ್ದು ನಿಂತೇ ಹೋಯಿತು. "ನೋಡಿದೇನು?" ಎಂದು ಅತ್ತೆ ಬೀಗಿದಳು. ಮಂಗಳವಾರ ಇಬ್ಬರೂ ಕೂತು ಸಜ್ಜೆ ರೊಟ್ಟಿ ಬಡಿದರು, ಶೇಂಗಾ ಹಿಂಡಿ ಕುಟ್ಟಿದರು.

ಬುಧವಾರ ನಸುಕಿಗೆ ಹೊರಟ ಬಾಲಮ್ಮ ಆರು ಕಿಲೋಮೀಟರ್ ಕೂಡ ದಾಟಲಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿದಾಗ ಎಡಗಡೆ ಪೆಡಲು ಕಾಲಡಿಯಿಂದ ಜಾರಿತು. ಬಿದ್ದು ಮೊಣಕಾಲು ತರಚಿತು. ಸೈಕಲ್ಲು ತಳ್ಳುತ್ತ ರಂಗಂಪೇಟೆ ಮುಟ್ಟಿದಾಗ ನಡುಮಧ್ಯಾಹ್ನ.

ಅನ್ವರಬಿ ಗಂಡ ತೀರಿದ ಮೇಲೆ ಅವನ ಪಾನಾ, ಸುತ್ತಿಗೆ ಕೈಗೆತ್ತಿಕೊಂಡು ಸೈಕಲ್ ಅಂಗಡಿ ನಡೆಸುವವಳು. ಎರಡೂ ಪೆಡಲು ನೆಲಕ್ಕೆ ಸಮ ಮಾಡಿದಳು. ಎರಡರ ಮೇಲೂ ಕೈಯಿಟ್ಟು ಒತ್ತಿದಳು. ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿದಳು. ಬಲಗಡೆಯದು ಗಟ್ಟಿ ನಿಂತಿತು, ಎಡಗಡೆಯದು ಕುಸಿಯಿತು.

"ಹಿಂಗ ಒಂದ ಕಡಿ ಕುಸದ್ರ ಕಾಟರ್ ಪಿನ್ನು ಸಡ್ಲಾಗ್ಯಾದ ಅಂತ ತಿಳ್ಕೊ. ಎರಡೂ ಕೂಡಿ ಆಚಿ ಈಚಿ ಅಳ್ಳಾಡಿದ್ರ ಒಳಗಿನ ಗುಂಡು ಸವದಾವ ಅಂತ. ಇಷ್ಟ ನೋಡವ್ವ, ಇದಕ್ಕೇನು ಶಾಣ್ಯಾತನ ಬೇಕು?"

ಸರಳನ್ನು ಅಚ್ಚಿಗೆ ಬಿಗಿಹಿಡಿಯುವ ಬೆರಳುದ್ದದ ಪಿನ್ನು ಹೊರಬಂತು, ಅದರ ಜೊತೆ ಎಣ್ಣೆ ಕುಡಿದ ಉಣ್ಣೆ. ಅನ್ವರಬಿ ಬಾಲಮ್ಮನ ಮುಖ ನೋಡಿದಳು. ಸೋಮವಾರ ಅತ್ತೆ ಉಣ್ಣೆ ತುರುಕಿದ್ದನ್ನು ಬಾಲಮ್ಮ ಹೇಳಿದಳು.

"ಸದ್ದು ಮುಚ್ಚಿದಿ, ರೋಗ ಒಳಗ ಬೆಳೀತು. ಸೋಮವಾರ ತಂದಿದ್ರ ಹೊಸಾ ಪಿನ್ನು ಹಾಕಿ ಹತ್ತ ನಿಮಿಷದಾಗ ಕಳಸ್ತಿದ್ದೆ. ಉಗುರ್ಲೆ ಹೋಗೋದಕ್ಕ ಕೊಡ್ಲಿ ತಗೊಳ್ಳೋ ಹೊತ್ತು ತಂದಿ. ಪಿನ್ನಿನ ತೂತೇ ಅಗಲಾಗ್ಯಾದ, ಸರಳೇ ಬದಲಿ ಮಾಡ್ಬೇಕು. ಅದು ಸಂಜಿ ಬಸ್ಸಿಗಿ ಶಹಾಪುರದಿಂದ ಬರಬೇಕು."

"ಇವತ್ತ ಹೋಗಲಿಕ್ಕೇ ಬೇಕಕ್ಕ" ಅಂದಳು ಬಾಲಮ್ಮ. ಕಣ್ಣು ತುಂಬಿದ್ದವು.

"ಈ ಸೈಕಲ್ ಮ್ಯಾಲ ಹೋದ್ರ ದವಾಖಾನಿಗಿ ಹೋಗ್ತಿ."

ಸಂಜೆ ಸರಳು ಬಂತು. ಅನ್ವರಬಿ ಬಾಲಮ್ಮನ ಕೈಯಿಂದಲೇ ಕೆಲಸ ಮಾಡಿಸಿದಳು. ಪಿನ್ನಿನ ಚಪ್ಪಟೆ ಮಗ್ಗುಲು ಅಚ್ಚಿನ ಚಪ್ಪಟೆ ಮಗ್ಗುಲಿಗೆ ಕೂಡಬೇಕು. ಹಳೆಯದು ಯಾವ ಕಡೆಯಿಂದ ಹೋಗಿತ್ತೋ ಹೊಸದೂ ಆ ಕಡೆಯಿಂದಲೇ. ಕೆಳಗೆ ಕಬ್ಬಿಣದ ಪೈಪಿನ ಆಸರೆ ಕೊಟ್ಟು ಸುತ್ತಿಗೆಯಿಂದ ಕೂಡಿಸಬೇಕು, ಇಲ್ಲದಿದ್ದರೆ ಪೆಟ್ಟು ಒಳಗಿನ ಗುಂಡುಗಳ ಮೇಲೆ ಬೀಳುತ್ತದೆ. ನಟ್ಟು ಕೊನೆಗೆ.

"ಇಪ್ಪತ್ತು ಕಿಲೋಮೀಟರ್ ತುಳದ ಮ್ಯಾಲ ಇನ್ನೊಮ್ಮಿ ನಟ್ಟು ಬಿಗಿ ಮಾಡ್ಕೊ" ಎಂದು ಹಳೇ ಪಾನಾ ಒಂದನ್ನು ಅವಳ ಚೀಲಕ್ಕೆ ಹಾಕಿದಳು.

ಮುಂಜಾನೆ ಬರುವೆನೆಂದು ಗಂಡನಿಗೆ ಫೋನು ಮಾಡಿ ಬಾಲಮ್ಮ ರಾತ್ರಿ ಅನ್ವರಬಿಯ ಮನೆಯಲ್ಲೇ ಉಳಿದಳು. ಗುರುವಾರ ಕತ್ತಲಿರುವಾಗಲೇ ಹೊರಟು ಅವಳು ಹೊಲ ಮುಟ್ಟಿದಾಗ ಬಿಸಿಲು ಏರಿತ್ತು. ಹೊಲದ ತುಂಬ ಹಿಕ್ಕೆ ಬಿದ್ದಿತ್ತು. ಕುರಿಗಳಿರಲಿಲ್ಲ.

"ತಡದು ತಡದು ಹ್ವಾದ ತಂಗಿ" ಅಂದ ಹೊಲದ ಯಜಮಾನ ಭಗವಂತರಾಯ. "ದಾರಿ ನೋಡಿಕೋತ ನಿಂತಿದ್ದ. ದೋಣ್ಯಾವ ಒದರಾಕತ್ತ. ಈ ದೋಣಿ ಬಿಟ್ರ ಸಂಜೀದೇ."

ಹೊಳೆಯ ದಂಡೆಗೆ ಓಡಿದಳು. ಆಚೆ ದಂಡೆಯಲ್ಲಿ ಬಿಳಿ ಕರಿ ಚುಕ್ಕಿಯಂತೆ ಕುರಿ, ಹಿಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ. ನಡಿಗೆಯಿಂದ ಗುರುತು ಹತ್ತಿತು. ಫೋನು ಹಚ್ಚಿದಳು. ಆ ಮನುಷ್ಯ ನಿಂತ, ತಿರುಗಿದ.

"ಬಂದೀನಿ, ಈ ದಂಡಿಗಿ ನಿಂತೀನಿ" ಅಂದಳು.

"ಕಂಡಿ. ಹಸರ ಸೀರಿ."

"ನಿನ್ನ ಮಾರಿ ಕಾಣವಲ್ದು."

ಅವನು ಕೈ ಎತ್ತಿ ಹಾಗೇ ಹಿಡಿದ. ಅವಳೂ ಎತ್ತಿದಳು. ಮಂದೆ ಚೆದುರುತ್ತಿತ್ತು, ಅವನು ಹೋಗಲೇಬೇಕಾಯಿತು. ಕಂಬಳಿ ಜಾಲಿಗಿಡಗಳಲ್ಲಿ ಮರೆಯಾಗುವ ತನಕ ಬಾಲಮ್ಮ ನಿಂತಿದ್ದಳು.

ಮನೆಯಲ್ಲಿ ಹಣಮಂತಮ್ಮ ಎಲ್ಲ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮಗ ದಾರಿ ನೋಡಿ ನೋಡಿ ಹ್ವಾದ. ನಂದೇ ತಪ್ಪು. ಆ ಪೆಡಲ್ ಹ್ಯಾಂಗ ಒತ್ತಿ ನೋಡೋದು, ನನಗೂ ತೋರ್ಸು." ಈಗ ಓಣಿಯಲ್ಲಿ ಯಾವ ಸೈಕಲ್ಲು ಟಕ್ ಅಂದರೂ ಮುದುಕಿ ಬಿಡುವುದಿಲ್ಲ, ಇಳಿಸಿ ಪೆಡಲು ಒತ್ತಿಸಿಯೇ ಮುಂದೆ ಕಳಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಳೇ ಸೈಕಲ್ಲಿನ ಹತ್ತಿರ ಇವತ್ತೇ ಹೋಗಿ. ಪೆಡಲು ಸಮ ಮಾಡಿ ಒತ್ತಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿ. ಒಂದು ಕಡೆ ಕುಸಿದರೆ ತುಳಿಯಬೇಡಿ, ತುರುಕಬೇಡಿ, ಪಿನ್ನು ಬದಲಿಸಿ. ನಿಮ್ಮನ್ನು ಕಾಯುವವರು ಎಷ್ಟು ಹೊತ್ತು ನಿಲ್ಲಬಲ್ಲರೆಂದು ಅವರಿಗೂ ಗೊತ್ತಿರುವುದಿಲ್ಲ.