ನಾಲ್ಕು ಮೇಜು, ನಾಲ್ಕು ಕಾಫಿ

"ಕಾಲು ಒಳಗೆಳ್ಕೊ ಮಾಮ, ಹನ್ನೆರಡು ಸೆಂಟಿಮೀಟರ್ ಕಮ್ಮಿ ಬರ್ತಿದೆ!"

ಅಳತೆ ಟೇಪಿನ ತುದಿಯನ್ನು ಮುದುಕ ಸ್ತ್ರಾತಿಸನ ಕೈಗೆ ಕೊಟ್ಟು ಅರ್ಗೀರೊ ಹಿಮ್ಮುಖವಾಗಿ ನಡೆಯುತ್ತಿದ್ದಳು.

"ಕಾಲಲ್ಲ, ಮೇಜು ಅಳೆ. ಸರ್ಕಾರ ಹೇಳಿರೋದು ಮೇಜು," ಎಂದ ಸ್ತ್ರಾತಿಸ್.

ಲಾಕ್‌ಡೌನಿನ ಎರಡೂವರೆ ತಿಂಗಳ ನಂತರ ಅವಳ ಕಾಫಿ ಅಂಗಡಿ ಬಾಗಿಲು ತೆರೆದು ಇದು ಮೂರನೆಯ ದಿನ. ಒಳಗೆ ಯಾರೂ ಕೂರುವಂತಿಲ್ಲ. ಹೊರಗೆ ಹಿಪ್ಪುನೇರಳೆ ಮರದ ಕೆಳಗೆ, ಹೇಳಿದಷ್ಟು ಅಂತರ ಬಿಟ್ಟರೆ, ಹಿಡಿಯುವುದು ನಾಲ್ಕೇ ಮೇಜು. ಸೋಂಕಿಗೆ ಮುಂಚೆ ಸ್ತ್ರಾತಿಸನೂ ಅವನ ಮೂವರು ಗೆಳೆಯರೂ ಒಂದೇ ಮೇಜಿಗೆ ಮುಗಿಬಿದ್ದು ಜಗಳವಾಡುತ್ತಿದ್ದರು. ಈಗ ನಿಯಮಕ್ಕೆ ತಲೆಬಾಗಿ ಮೇಜಿಗೊಬ್ಬರು. ಜಗಳ ಅದೇ, ದನಿ ಮಾತ್ರ ಜೋರು. ಬೆಳಿಗ್ಗೆ ಏಳಕ್ಕೆ ಒಂದೊಂದು ಕಾಫಿ ತರಿಸಿಕೊಂಡರೆ ಮಧ್ಯಾಹ್ನದವರೆಗೆ ಅದೇ. ಕಪ್ಪಿನ ತಳದಲ್ಲಿ ಚರಟ ಇರುವ ತನಕ ಕೂತವನನ್ನು ಏಳು ಎನ್ನುವ ಪದ್ಧತಿ ಈ ಲೆಸ್ವೋಸ್ ದ್ವೀಪದಲ್ಲೇ ಇಲ್ಲ. ಅಂಗಡಿ ಇಟ್ಟ ಅವಳ ಅಜ್ಜ ಕೂಡ ಯಾರಿಗೂ ಹಾಗಂದವನಲ್ಲ.

ಹನ್ನೊಂದಕ್ಕೆ ಹಡಗು. ಚಳಿಗಾಲ ಕಳೆದ ಮೇಲೆ ಮೊದಲ ಸಲ ಪರ ಊರಿನ ಜನ, ಹಸಿದ ಜನ. ಅವರನ್ನು ಕೂರಿಸಲು ಒಂದು ಮೇಜೂ ಖಾಲಿಯಿಲ್ಲ. ಹಗ್ಗದ ಮೇಲೆ ಆಕ್ಟೋಪಸ್‌ಗಳು ಒಣಗಿ ಕೆಂಡಕ್ಕೆ ಕಾಯುತ್ತಿದ್ದವು. ಈ ಬೇಸಿಗೆ ಕೈಕೊಟ್ಟರೆ ಮುಂದಿನ ಬೇಸಿಗೆಗೆ ಅಂಗಡಿಯೇ ಇರುವುದಿಲ್ಲ.

"ಮಾಮ, ಎಪ್ಪತ್ತು ದಾಟಿದೋರಿಗೆ ಅಪಾಯ ಜಾಸ್ತಿಯಂತೆ. ಮನೇಲಿರಬಾರದಾ?"

"ಮೊನ್ನೆ ನೀನೇ ಅಲ್ವಾ, ಹೆದರಬೇಡ ಬಾ ಅಂದಿದ್ದು?"

"ಮೊನ್ನೆ ಹಡಗಿರಲಿಲ್ಲ."

"ಇವನು ಹೆದರಲ್ವಾ?" ಪಕ್ಕದ ಮೇಜಿನ ಮುದುಕ ಕೂಗಿದ. "ಮೊಟ್ಟೆಗೂ ಸೋಪು ಹಾಕಿ ತೊಳೀತಿದ್ದ ಮಾರಾಯ!"

"ನೀನು ತೊಳೀದಿದ್ರೂ ನಡೆಯುತ್ತೆ ಬಿಡೋ," ಎಂದ ಸ್ತ್ರಾತಿಸ್. " ವೈರಸ್ಸಿಗೂ ಒಂದು ಮರ್ಯಾದೆ ಅಂತ ಇರುತ್ತೆ."

ಅರ್ಗೀರೊ ಟೇಪು ಸುತ್ತಿದಳು. ಸ್ತ್ರಾತಿಸ್ ಎದ್ದರೆ ಸಾಕು. ಬೈಯಲು ಅವನಿಲ್ಲದಿದ್ದರೆ ಉಳಿದ ಮೂವರೂ ಹತ್ತು ನಿಮಿಷ ಕೂರಲಾರರು.

"ಕಾಫಿ ಮನೆಗೇ ತಂದ್ಕೊಡ್ತೀನಿ ಮಾಮ. ದಿನಕ್ಕೆ ಮೂರು, ಪುಕ್ಕಟೆ. ಬೇಸಿಗೆ ಮುಗಿಯೋವರೆಗೂ."

"ಬರೀ ಕಾಫಿ?"

"ಬಿಸ್ಕತ್ತೂ ಕೊಡ್ತೀನಿ."

"ಎಷ್ಟು?"

"ಎರಡು. ಆಯ್ತಪ್ಪ, ಮೂರು!"

ಸ್ತ್ರಾತಿಸ್ ಚರಟದ ಸಮೇತ ಕಾಫಿ ಮುಗಿಸಿ, ಕಪ್ಪನ್ನು ತಟ್ಟೆಯ ಮೇಲೆ ಬೋರಲು ಹಾಕಿ ಎದ್ದು ನಿಂತ. ಉಳಿದ ಮೂವರೂ ಪೆಚ್ಚಾಗಿ ತಂತಮ್ಮ ಟೋಪಿಗಳಿಗೆ ಕೈಹಾಕಿದರು. ಬಂದರಿನಲ್ಲಿ ಹಡಗು ಕೂಗಿತು. ಅರ್ಗೀರೊ ಆಗಲೇ ಮೇಜು ಒರೆಸತೊಡಗಿದ್ದಳು.

ಎದುರು ಮನೆಯ ಮಹಡಿಯ ಕಿಟಕಿ ಧಡಾರನೆ ತೆರೆಯಿತು. ಸ್ತ್ರಾತಿಸನ ಹೆಂಡತಿ ಮಿರ್ಸಿನಿ.

"ಎಲ್ಲಿಗೆ ಹೊರಟ್ರಿ?"

"ಮನೆಗೆ," ಎಂದ ಸ್ತ್ರಾತಿಸ್, ತಪ್ಪು ಮಾಡಿದವನಂತೆ.

"ಅರ್ಗೀರೊ, ಎರಡೂವರೆ ತಿಂಗಳು ಊರಿನ ಆರೋಗ್ಯಕ್ಕೆ ಅಂತ ಇವರನ್ನ ಮನೇಲಿ ಇಟ್ಕೊಂಡಿದ್ದೆ. ನನ್ನ ಪಾಲು ಮುಗೀತು."

"ಅತ್ತೆ, ನಿಮಗೂ ಮೂರು ಕಾಫಿ ಕೊಡ್ತೀನಿ! ಬಿಸ್ಕತ್ತೂ!"

"ಬೇಡ," ಎಂದಳು ಮಿರ್ಸಿನಿ. "ಕಾಫಿನೂ ಬೇಡ, ಇವರೂ ಬೇಡ."